ಕಾಲು ಕೈಕೊಟ್ಟ ದಿನ

ಕಾಲುಚೀಲ ಹಿಮ್ಮಡಿಯ ಹತ್ತಿರ ಸಿಕ್ಕಿಕೊಂಡಿತ್ತು. ದರ್ಜಿ ಮಂಡಿಯೂರಿ ಕೂತು, ಸತ್ತ ಅಣ್ಣನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಚೀಲವನ್ನು ಮೆಲ್ಲಗೆ ಮೇಲಕ್ಕೆಳೆಯುತ್ತಿದ್ದ.

"ಹುಷಾರು ಮಾರಾಯ," ಅಂದ ಬೇಕರಿಯವನು. "ನಾನೂರು ಮೈಲಿ ನಡೆದ ಕಾಲು ಅದು. ವ್ಯಾನಲ್ಲಿ ಕೂತು ಬಂದಷ್ಟನ್ನ ಕಳೆದ್ರೆ."

ಕೋಣೆಯಲ್ಲಿದ್ದವರು ಅಳುತ್ತಲೇ ನಕ್ಕರು. ಅತ್ತಿಗೆಯೂ ಮೂಗೊರೆಸಿಕೊಂಡು, "ನಮ್ಮ ವ್ಯಾನಪ್ಪ," ಅಂದಳು. ಊರಿನ ಅರ್ಧಕ್ಕರ್ಧ ಗಡ್ಡ ಬೋಳಿಸಿದ ಕ್ಷೌರಿಕ ಅಣ್ಣನಿಗೆ, ತಮ್ಮನ ಜೊತೆ ಪಾದಯಾತ್ರೆ ಮುಗಿಸಿ ಬಂದಾಗಿನಿಂದ, ಇಪ್ಪತ್ತೆರಡು ವರ್ಷ, ಅದೇ ಹೆಸರು. ದರ್ಜಿ ತಲೆಯೆತ್ತಲಿಲ್ಲ. ಆವತ್ತು ವ್ಯಾನು ಹತ್ತಿದ್ದು ಅಣ್ಣನಲ್ಲ, ಅವನು.

*

ಇಪ್ಪತ್ತೆರಡು ವರ್ಷದ ಹಿಂದೆ, ಆ ಯಾತ್ರೆಯ ಒಂಬತ್ತನೆಯ ದಿನ. ಅಂಗಾಲಿನ ಬೊಬ್ಬೆ ಒಡೆದು, ದರ್ಜಿ ಹೆಜ್ಜೆಗೊಮ್ಮೆ ಅಮ್ಮಾ ಅನ್ನುತ್ತಿದ್ದ. ಅಣ್ಣ ಅವನ ಚೀಲವನ್ನೂ ಹೆಗಲಿಗೇರಿಸಿಕೊಂಡು, "ನೀನು ನಿಧಾನಕ್ಕೆ ಬಾ, ನಾನು ಮುಂದೆ ಹೋಗಿ ನೀರು ಹಿಡಿದಿಡ್ತೀನಿ," ಅಂದು ಹೊರಟ. ಅವನು ಮರೆಯಾದದ್ದೇ ತಡ, ಹಾಲಿನ ವ್ಯಾನು ಬಂತು. ದರ್ಜಿ ಹಿಂದೆ ಮುಂದೆ ನೋಡದೆ ಹತ್ತಿದ. ತಿರುವಿನಲ್ಲಿ ಎರಡು ಚೀಲ ಹೊತ್ತು ನಡೆಯುತ್ತಿದ್ದ ಅಣ್ಣ ಕಂಡಾಗ ಕ್ಯಾನುಗಳ ಹಿಂದೆ ಬಗ್ಗಿಕೊಂಡ.

ಆ ರಾತ್ರಿ ಯಾತ್ರಿಕರು ತಂಗುವ ಜಾಗಕ್ಕೆ ಸ್ವಲ್ಪ ಮೊದಲೇ ಇಳಿದು, ಮರದಡಿ ಕೂತು ಕಾದ. ಅಣ್ಣ ಬಂದದ್ದು ಸಂಜೆಗೆ. ದಾರಿಯಲ್ಲಿ ನೀರು ಹಿಡಿದು ಕಾದವನು, ತಮ್ಮ ಎಲ್ಲಿ ಬಿದ್ದನೋ ಎಂದು ಹುಡುಕಿಕೊಂಡು ಎರಡು ಮೈಲಿ ವಾಪಸ್ಸು ಹೋಗಿದ್ದನಂತೆ. ತಮ್ಮನ ಮುಖ ನೋಡಿದ, ಏನೂ ಕೇಳಲಿಲ್ಲ. ಇಬ್ಬರೂ ಜೊತೆಯಲ್ಲೇ ಒಳಗೆ ಹೋದರು.

ನಡೆದೇ ಬಂದವರ ಯಾತ್ರಾ ಪುಸ್ತಕಕ್ಕೆ ಮುದ್ರೆ ಒತ್ತುವ ಮುದುಕ ಕನ್ನಡಕ ಸರಿಮಾಡಿಕೊಂಡ. "ನಿಮ್ಮಿಬ್ಬರಲ್ಲಿ ಒಬ್ಬರು ವ್ಯಾನಲ್ಲಿ ಬಂದ್ರಂತೆ. ಹಾಲಿನವನು ಹೇಳಿ ಹೋದ. ಯಾರು?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ದರ್ಜಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದ.

"ನಾನೇ ಸ್ವಾಮಿ," ಅಂದ ಅಣ್ಣ. "ಕಾಲು ಕೈಕೊಡ್ತು."

ಮುದ್ರೆ ತಮ್ಮನ ಪುಸ್ತಕಕ್ಕೆ ಮಾತ್ರ ಬಿತ್ತು. ಅದೇ ಸಾಲಿನಲ್ಲಿದ್ದ ಬೇಕರಿಯವನು ಈ ಮಾತನ್ನು ಬಿಸಿ ಆರದಂತೆ ಊರಿಗೆ ತಲುಪಿಸಿದ. ದರ್ಜಿ, ನಾಳೆ ಹೇಳಿದರಾಯಿತು ಅಂದುಕೊಂಡ. ಮಾರನೆಯ ದಿನವೂ ಹಾಗೆಯೇ ಅಂದುಕೊಂಡ.

*

"ವ್ಯಾನು ಹತ್ತಿದ್ದು ನಾನು," ಅಂದ ದರ್ಜಿ, ಅಣ್ಣನ ಕಾಲು ಹಿಡಿದುಕೊಂಡೇ.

ಬೇಕರಿಯವನು ಅವನ ಬೆನ್ನು ಸವರಿದ. "ಸುಮ್ನಿರೋ. ನಿಮ್ಮಣ್ಣನ ಬಾಯಿಂದಲೇ ನಾನು ಕೇಳಿದೀನಲ್ಲ." ಉಳಿದವರ ಕಡೆ ತಿರುಗಿದ. "ಸತ್ತ ಅಣ್ಣನ ಮರ್ಯಾದೆ ಉಳಿಸೋಕೆ ತನ್ನ ಮೇಲೆ ಹಾಕ್ಕೋತಿದಾನೆ ನೋಡಿ."

"ತಮ್ಮ ಅಂದ್ರೆ ಹೀಗಿರಬೇಕು," ಅಂದರು ಯಾರೋ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ದರ್ಜಿಗೆ. ಸತ್ಯ ಮುಚ್ಚಿಟ್ಟ ಇಷ್ಟು ವರ್ಷಗಳಲ್ಲೂ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ಅತ್ತಿಗೆ ಮಾತ್ರ ಅವನನ್ನೇ ನೋಡುತ್ತಿದ್ದಳು. "ಆವತ್ತು ಅವರ ಕಾಲಿಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ ಅತ್ತಿಗೆ. ನನ್ನ ಚೀಲಾನೂ ಅವನೇ ಹೊತ್ತಿದ್ದ."

ಬೇಕರಿಯವನು ಬೆನ್ನ ಮೇಲಿಂದ ಕೈ ತೆಗೆದ.

"ನಾನೂ ವ್ಯಾನಪ್ಪ ಅಂತಲೇ ಕರೀತಿದ್ದೆನಲ್ಲ," ಅಂದಳು ಅತ್ತಿಗೆ. "ಮಕ್ಕಳ ಎದುರಿಗೂ."

ಆಮೇಲೆ ಎದ್ದು ಗಂಡನ ತಲೆಯ ಹತ್ತಿರ ಹೋದಳು. ಕಿವಿಗೆ ಬಾಗಿ, ಅವನ ಸ್ವಂತ ಹೆಸರು ಹಿಡಿದು ಕರೆದಳು. ಸ್ವಲ್ಪ ಕಾದು, ಮತ್ತೊಮ್ಮೆ ಕರೆದಳು.