ಅಟ್ಟ ಮುಚ್ಚಿಟ್ಟ ಮನೆ

"ಮೇಡಮ್, ಇದು ಮೂರನೇ ಮನೆ," ಎಂದರು ನಂಜುಂಡಯ್ಯ. ಆಟೊ ಹಳೇಬೀಡು ದಾಟಿ ಹುಲಿಕೆರೆಯ ದಾರಿ ಹಿಡಿದಿತ್ತು.

"ಗೊತ್ತು," ಎಂದಳು ರಮಾ.

"ಕಡೇದೂ ಇದೇಯಾ?"

"ಅದೂ ಗೊತ್ತು. ಸುಮ್ನೆ ಕೂತ್ಕೊಳ್ಳಿ, ನನ್ನ ಎದೇನೂ ಹೊಡ್ಕೊಳ್ಳೋ ಹಾಗೆ ಮಾಡ್ಬೇಡಿ."

ಸೆರೆಮನೆಯಿಂದ ಹೊರಬಂದವರಿಗೆ ಊರೊಳಗಿನ ಮನೆಗಳಲ್ಲಿ ನೆಲೆ ಹುಡುಕಿಕೊಟ್ಟು, ಒಂದು ವರ್ಷ ಬೆನ್ನಿಗೆ ನಿಲ್ಲುವ ಸಂಸ್ಥೆಯೊಂದು ಅರಸೀಕೆರೆಯಲ್ಲಿದೆ. ರಮಾಳ ಕೆಲಸ ಅಲ್ಲಿ. ಯಾರನ್ನು ಯಾವ ಮನೆಯಲ್ಲಿ ಇರಿಸಿದರೆ ಅವರಿಗೇನು ಅಪಾಯ, ಮನೆಯವರಿಗೇನು, ನೆರೆಯವರಿಗೇನು ಎಂದು ಕಣ್ಣಾರೆ ನೋಡಿ ಬರೆಯಬೇಕು. ಅವಳು 'ಯೋಗ್ಯ' ಎಂದು ಬರೆದರೆ ನೆಲೆ ಸಿಕ್ಕಿತು, ಇಲ್ಲವಾದರೆ ಇಲ್ಲ.

ನಂಜುಂಡಯ್ಯನವರಿಗೆ ಅರವತ್ತೊಂದು. ಐದು ವರ್ಷದ ಹಿಂದೆ, ಪಾಲಿನ ಜಗಳದಲ್ಲಿ, ಕುಡಿದ ಅಮಲಿನಲ್ಲಿ, ತಮ್ಮನ ಮನೆಯ ಕೊಬ್ಬರಿ ಅಟ್ಟಕ್ಕೆ ಬೆಂಕಿ ಇಟ್ಟಿದ್ದರು. ಅಟ್ಟದ ತುಂಬ ಒಣಗುತ್ತಿದ್ದ ವರ್ಷದ ಕಾಯಿ. ಸಿಪ್ಪೆಗೆ ಹತ್ತಿದ ಕಿಚ್ಚು ಸೂರಿಗೇರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜೀವ ಯಾರದೂ ಹೋಗಲಿಲ್ಲ. ಆದರೆ ಕರು ಬಿಚ್ಚಲೆಂದು ಒಳಗೆ ನುಗ್ಗಿದ ತಮ್ಮನ ಅಂಗೈ ಸುಟ್ಟಿತು. "ಆ ಅಂಗೈ..." ಎಂದು ಶುರುಮಾಡಿದ ಮಾತನ್ನು ನಂಜುಂಡಯ್ಯ ಮುಗಿಸಿದ್ದನ್ನು ರಮಾ ಈವರೆಗೆ ಕೇಳಿಲ್ಲ.

ನಾಲ್ಕು ವರ್ಷ ಜೈಲಿನಲ್ಲಿ ಕಳೆದು ಬಂದಿದ್ದರು. ಅರಸೀಕೆರೆಯ ಮನೆ ಚೆನ್ನಾಗಿತ್ತು, ಆದರೆ ತಮ್ಮನ ಅಂಗಡಿ ಎರಡೇ ಬೀದಿ ಆಚೆ. ಬೇಲೂರಿನ ಕೋಣೆ ಇನ್ನೂ ಚೆನ್ನಾಗಿತ್ತು, ಕೆಳಗೆ ಬಾರು. ಎರಡನ್ನೂ ರಮಾ ಹೊಡೆದುಹಾಕಿದ್ದಳು. ಸಂಸ್ಥೆ ಸದ್ಯಕ್ಕೆ ಕೊಟ್ಟಿದ್ದ ಕೋಣೆಯನ್ನು ನಾಳೆ ಬಿಟ್ಟುಕೊಡಬೇಕು. ಹುಲಿಕೆರೆಯೂ ಆಗದಿದ್ದರೆ ಬೆಂಗಳೂರಿನ ಆಚೆಯ ದೊಡ್ಡ ವಸತಿಗೃಹಕ್ಕೆ ಕಳಿಸಬೇಕು. ಅಲ್ಲಿ ಎಂಬತ್ತು ಮಂಚ.

"ಅಲ್ಲಿ ತೆಂಗಿನಮರ ಐತಾ ಮೇಡಮ್?" ಎಂದು ಅವರು ನಿನ್ನೆ ಕೇಳಿದ್ದರು.

"ಕಾಂಪೌಂಡ್ ಇದೆ," ಎಂದಿದ್ದಳು ರಮಾ.

ಕಲ್ಯಾಣಿಯ ಪಕ್ಕದ ಬೀದಿಯಲ್ಲಿ ಆಟೊ ನಿಂತಿತು. ಸುವರ್ಣಮ್ಮ ಬಾಗಿಲಲ್ಲೇ ಇದ್ದರು. ಗಂಡ ತೀರಿಕೊಂಡ ಮೇಲೆ ಎರಡು ಕೋಣೆ ಖಾಲಿ ಬಿದ್ದಿವೆ, ಒಬ್ಬಳಿಗೆ ಸಾರು ಮಾಡಿ ಮಾಡಿ ಕೈಯ ರುಚಿಯೇ ಕೆಟ್ಟಿತು ಎಂದು ಸಂಸ್ಥೆಗೆ ತಾವಾಗಿಯೇ ಹೇಳಿ ಕಳಿಸಿದ್ದ ಹೆಂಗಸು. ಪಕ್ಕದಲ್ಲಿ ಎದುರುಮನೆಯ ದ್ಯಾವಮ್ಮ, ಹೊಸ ಸೀರೆಯಲ್ಲಿ. ಅಂಗಳದಲ್ಲಿ ಇಷ್ಟಗಲ ರಂಗೋಲಿ. ನಡುಮನೆಯಲ್ಲಿ ಆರು ಕುರ್ಚಿ. ಮೂರು ಬಣ್ಣದವು, ಮೂರು ಮನೆಯವು. ಬೀದಿಯ ಕಿಟಕಿಗಳಲ್ಲೆಲ್ಲ ಮುಖಗಳು.

ರಮಾಳಿಗೆ ಇದನ್ನು ಎಲ್ಲೋ ನೋಡಿದ ಹಾಗಿತ್ತು. ಕೇಸರಿಬಾತಿನ ತಟ್ಟೆ ಎದುರಿಗೆ ಬಂದಾಗ ಹೊಳೆಯಿತು. ಹೆಣ್ಣು ನೋಡಲು ಬರುವವರಿಗೆ ಬೀದಿಯವರೆಲ್ಲ ಸೇರಿ ಮನೆ ಸಿದ್ಧಮಾಡುತ್ತಾರಲ್ಲ, ಒಳ್ಳೆಯದನ್ನು ತಂದಿಟ್ಟು, ಒಡಕು ಪಾತ್ರೆಯನ್ನು ಎದುರುಮನೆಗೆ ಸಾಗಿಸಿ, ಹಾಗೆ ಕೂತಿತ್ತು ಈ ಮನೆ.

"ಮೊದ್ಲು ಮನೆ ನೋಡ್ತೀನಿ ಅಮ್ಮ," ಎಂದಳು.

"ನೋಡವ್ವಾ, ಧಾರಾಳವಾಗಿ ನೋಡು. ಬಚ್ಚಿಡೋ ಅಂಥಾದ್ದು ನಮ್ಮನೇಲಿ ಏನೈತೆ?"

ಅಡುಗೆಮನೆಗೆ ಹೋದಳು. ಒಲೆಯಲ್ಲಿ ಬೂದಿಯಿಲ್ಲ. ಗ್ಯಾಸಿನ ಒಲೆಯ ಜಾಗದಲ್ಲಿ ಒರೆಸಿದ ಚೌಕ ಗುರುತು. ಚಾಕುವಿಲ್ಲ, ಈಳಿಗೆಮಣೆಯಿಲ್ಲ. ದೇವರ ಗೂಡಿನಲ್ಲಿ ಹೂವಿತ್ತು, ದೀಪವೇ ಇರಲಿಲ್ಲ. ಹಿತ್ತಲಲ್ಲಿ ಬಾವಿಯ ಹಗ್ಗವೂ ಇರಲಿಲ್ಲ.

"ನೀರು ಹೆಂಗೆ ಸೇದ್ತೀರಿ?"

ಸುವರ್ಣಮ್ಮ ದ್ಯಾವಮ್ಮನ ಮುಖ ನೋಡಿದರು. "ನಲ್ಲಿ ಬತ್ತದೆ ಮೇಡಮ್ಮೋರೆ," ಎಂದರು ದ್ಯಾವಮ್ಮ, "ಸೋಮವಾರ, ಗುರುವಾರ."

"ಇವತ್ತು ಶನಿವಾರ."

"ಅದೇ ಮತ್ತೆ, ಶನಿವಾರ ಬರಲ್ಲ!"

ಬಾಗಿಲ ಬಳಿ ನಿಂತಿದ್ದ ನಂಜುಂಡಯ್ಯ ನಗು ತಡೆಯಲು ಕೆಮ್ಮಿದರು. ಮಾತು ತಪ್ಪಿಸಬೇಕಲ್ಲ, ದ್ಯಾವಮ್ಮ ಓಡಿಹೋಗಿ ಎರಡು ಎಳನೀರು ತಂದರು. ತಂದು ಮೇಜಿನ ಮೇಲೆ ಇಟ್ಟರು. ಎಲ್ಲರೂ ಎಳನೀರನ್ನು ನೋಡಿದರು. ಎಳನೀರು ಇದ್ದಲ್ಲೇ ಇತ್ತು.

"ಕೆತ್ತಿಕೊಡ್ರಲ್ಲ," ಎಂದಳು ರಮಾ.

"ಕೆತ್ತೋಕೆ..." ಸುವರ್ಣಮ್ಮ ಸೆರಗಿನ ಅಂಚು ಸುತ್ತತೊಡಗಿದರು. "ಇವತ್ತು ಮಚ್ಚು ಮುಟ್ಟಲ್ಲ ಕಣವ್ವ. ವ್ರತ."

"ಯಾವ ವ್ರತ?"

"ಶನಿವಾರದ್ದು."

"ಮಾಲೇಕಲ್ಲು ತಿಮ್ಮಪ್ಪಂದು," ಎಂದು ದ್ಯಾವಮ್ಮ ಸೇರಿಸಿದರು. ಸೇರಿಸಿದ ಮರುಕ್ಷಣ ಕಣ್ಣುಮುಚ್ಚಿ ಕೆನ್ನೆ ಬಡಿದುಕೊಂಡರು.

ಆಗ ತಲೆಯ ಮೇಲೆ ಸದ್ದಾಯಿತು. ಹಲಗೆಯ ಮೇಲೆ ಏನೋ ಉರುಳಿತು, ಅದರೊಳಗೆ ಇನ್ನೇನೋ ಗುಡುಗುಡು ಎಂದಿತು, ಗೋಡೆಗೆ ತಾಗಿ ನಿಂತಿತು.

"ಬೆಕ್ಕು," ಎಂದರು ಸುವರ್ಣಮ್ಮ.

ರಮಾ ಮೇಲೆ ನೋಡಿದಳು. ಮಾಡಿಗೆ ಅಡ್ಡಲಾಗಿ ಹೊಸ ಪಂಚೆಯೊಂದನ್ನು ಬಿಗಿದು ಕಟ್ಟಿದ್ದರು. ಅವಳು ಕೇಳುವ ಮೊದಲೇ ನಂಜುಂಡಯ್ಯ ಬಾಗಿಲು ಬಿಟ್ಟು ಮುಂದೆ ಬಂದರು. ಮುಖ ಬಿಳಿಚಿತ್ತು, ದನಿ ಮಾತ್ರ ನಿಂತ ನೀರಿನಂತಿತ್ತು.

"ಮೇಡಮ್, ಮ್ಯಾಲೆ ಅಟ್ಟ ಐತೆ. ಅಟ್ಟದ ತುಂಬ ಕಾಯೈತೆ. ಬಾಗ್ಲಲ್ಲಿ ಕಾಲಿಟ್ಟಾಗ್ಲೇ ವಾಸ್ನೆ ಬಂತು ನಂಗೆ. ಬರ್ಕಳಿ."

"ಅಯ್ಯೋ ನಿನ್ ಬಾಯಿಗಿಷ್ಟು!" ದ್ಯಾವಮ್ಮ ಹಣೆ ಚಚ್ಚಿಕೊಂಡರು. "ಬೀದಿಗೆ ಬೀದಿಯೇ ಬೆಳಿಗ್ಗೆಯಿಂದ ಯಾರಿಗೋಸ್ಕರ ಹೊತ್ತಾಡ್ತು ಅಂದ್ಕಂಡೆ? ನಿಂಗೋಸ್ಕರ ಕಣಯ್ಯ!"

"ಗೊತ್ತು ತಾಯಿ. ಒಂದು ಅಟ್ಟ ಹೋದದ್ದು ನನ್ ಕೈಯಲ್ಲಿ. ಇನ್ನೊಂದರ ವಿಷ್ಯ ಮುಚ್ಚಿಟ್ಟು ಅದರಡಿ ಮನಗಿದ್ರೆ ನಿದ್ದೆ ಬರ್ತದಾ ನಂಗೆ? ಬೆಂಗ್ಳೂರ್ಗೆ ಬೇಕಾರೆ ಓಯ್ತೀನಿ."

ಹಾಗೆಂದು ನೆಲ ನೋಡುತ್ತ ನಿಂತುಬಿಟ್ಟರು. ರಮಾ ಪೆನ್ನಿನ ಮುಚ್ಚಳ ಹಾಕಿದಳು.

"ಸುವರ್ಣಮ್ಮನೋರೇ, ಬಚ್ಚಿಟ್ಟದ್ದೆಲ್ಲ ಎಲ್ಲಿದೆ?"

"ಫೇಲ್ ಮಾಡ್ತೀಯೇನವ್ವ?"

"ಬಚ್ಚಿಟ್ಟಿರೋ ಹಂಗೇ ಇದ್ರೆ ಖಂಡಿತ ಮಾಡ್ತೀನಿ. ಚಾಕು ಇರೋ ಮನೆ ಅಂತ ಯಾರನ್ನೂ ಫೇಲ್ ಮಾಡಿಲ್ಲ ನಾನು. ಚಾಕು ಎಲ್ಲಿದೆ ಅಂತ ನನಗೇ ಗೊತ್ತಿಲ್ದಿದ್ರೆ ನಾಳೆ ಇವರ್ನ ಇಲ್ಲಿ ಬಿಟ್ಟು ಹೆಂಗೆ ಹೋಗ್ಲಿ? ಎಲ್ಲಾ ತನ್ನಿ."

ಸುವರ್ಣಮ್ಮ ಬಾಗಿಲಿಗೆ ಹೋಗಿ ಬೀದಿಗೆ ಕೇಳುವಂತೆ ಕೂಗಿದರು: "ಎಲ್ರೂ ತಂದ್ಬಿಡ್ರಮ್ಮೋ! ತರ್ಬೇಕಂತೆ!"

ಬೀದಿ ಇದಕ್ಕೇ ಕಾದಿದ್ದಂತಿತ್ತು. ಒಬ್ಬಾಕೆ ಸೆರಗಿನಡಿಯಿಂದ ಮಚ್ಚು ತೆಗೆದಳು. ಇನ್ನೊಬ್ಬಳು ಈಳಿಗೆಮಣೆಯನ್ನು ಕೂಸಿನಂತೆ ಸೊಂಟದ ಮೇಲಿಟ್ಟುಕೊಂಡು ಬಂದಳು. ಇಬ್ಬರು ಸೇರಿ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದರು, ಅದರ ಹಿಂದೆ ಒಲೆ. ಬಾವಿ ಹಗ್ಗ ಒಂದು ಮನೆಯಿಂದ, ಬಿಂದಿಗೆ ಇನ್ನೊಂದರಿಂದ. ಏಣಿ ಕಲ್ಯಾಣಿಯ ಮೆಟ್ಟಿಲ ಹತ್ತಿರ ಮಲಗಿತ್ತಂತೆ. ದ್ಯಾವಮ್ಮ ರವಿಕೆಯೊಳಗಿಂದ ಬೆಂಕಿಪೊಟ್ಟಣ ತೆಗೆದರು, ಒಂದಾದ ಮೇಲೊಂದು, ನಾಲ್ಕು.

"ನಾಲ್ಕಾ? ನಾನು ಕೊಟ್ಟಿದ್ದು ಎರಡು ಕಣೇ!" ಎಂದರು ಸುವರ್ಣಮ್ಮ.

"ಇನ್ನೆರಡು ನಂದು. ಯಾಕೋ ಭಯ ಆಯ್ತು, ಅದನ್ನೂ ಇಟ್ಕಂಡೆ."

ಕಡೆಗೆ ದೀಪ ಬಂತು, ಅರಿಸಿನ ಕುಂಕುಮದ ತಟ್ಟೆಯೊಳಗೆ. ಅದನ್ನು ತಂದ ಮುದುಕಿ ಎರಡೂ ಕೈಯಲ್ಲಿ ಹಿಡಿದು ಗೂಡಿನಲ್ಲಿಟ್ಟು, "ತಪ್ಪಾಯ್ತಪ್ಪ ಸ್ವಾಮಿ, ನಿನ್ನೂ ಓಡ್ಸಿದ್ವಿ," ಎಂದು ಕೈಮುಗಿದಳು. ರಮಾಳೂ ಕೈಮುಗಿದಳು. ಮುಗಿಯುವಾಗ ಅವಳ ಭುಜ ನಗುವಿಗೆ ಕುಲುಕುತ್ತಿತ್ತು.

ಪಂಚೆ ಬಿಚ್ಚಿ ಏಣಿ ಹಾಕಿದರು. ರಮಾ ದುಪಟ್ಟಾ ಸೊಂಟಕ್ಕೆ ಬಿಗಿದಳು.

"ನೀನಾ ಹತ್ತೋದು?" ಎಂದರು ಸುವರ್ಣಮ್ಮ.

"ನಮ್ಮಮ್ಮ ಇಪ್ಪತ್ತು ವರ್ಷ ಅರಸೀಕೆರೆ ಮಂಡೀಲಿ ಕಾಯಿ ಸುಲ್ದೋಳು. ನಾನು ಬೆಳೆದದ್ದೇ ಇಂಥ ಅಟ್ಟದ ಕೆಳಗೆ."

ಮೇಲೆ ಬಿದಿರ ಗಳುಗಳ ಮೇಲೆ ಕಾಯಿಯ ಗುಡ್ಡೆ. ಕೆಳಗೆ ಸರಿಯಾಗಿ ನಂಜುಂಡಯ್ಯನವರಿಗೆಂದು ಇಟ್ಟ ಕೋಣೆ. ಅಪಾಯ ಅವರ ಹಳೆಯ ತಪ್ಪಿನದೊಂದೇ ಅಲ್ಲ, ಒಂದು ಗಳು ಮುರಿದರೂ ಸಾಕಿತ್ತು. ಅವಳು ಅಲ್ಲಿಂದಲೇ ಕೇಳಿದಳು: "ನಂಜುಂಡಯ್ಯನೋರೇ, ನಿಜ ಹೇಳಿ. ಇದರ ಕೆಳಗೆ ಇರ್ತೀರಾ?"

"ಕಾಯಿ ಇದ್ರೆ ಬ್ಯಾಡ ಮೇಡಮ್. ಬೆಂಕಿ ಇಡ್ತೀನಿ ಅಂತಲ್ಲ. ಎಲ್ಲಾದ್ರೂ ಒಂಚೂರು ಹೊಗೆ ಎದ್ರೂ ಎಲ್ರೂ ನನ್ನೇ ನೋಡ್ತಾರೆ. ನಾನೂ ನನ್ನೇ ನೋಡ್ಕತೀನಿ. ಇಳಿಸ್ಬಿಟ್ರೆ ಆಯ್ತದೆ."

"ಇಳಿಸೋದಾ!" ಸುವರ್ಣಮ್ಮನ ಪ್ರಾಣ ಬಾಯಿಗೆ ಬಂತು. "ಇನ್ನೂ ಎರಡು ತಿಂಗಳು ಒಣಗ್ಬೇಕು. ಹಸಿ ಇಳಿಸಿದ್ರೆ ವರ್ಷದ್ದು ಎಲ್ಲಾ ಹಾಳು. ನಿಂಗೆ ಮನೆ ಕೊಡ್ತೀನಿ ಅಂದೆ ನಿಜ, ಕೊಬ್ಬರಿ ಕೊಡ್ತೀನಿ ಅಂದ್ನಾ?"

"ಹಸಿ ಎಲ್ಲೈತೆ ಅಮ್ಮಾರೆ? ಈಗ ಉರುಳಿದ್ದು ಕೇಳ್ಸಿಲ್ವಾ? ಒಳಗೆ ಹೆಂಗೆ ಆಡ್ತು! ಒಳಗಿಂದೊಳಗೇ ಒಣಗಿ ಗಿಟುಕಾಗಿ ಹದಿನೈದು ದಿನ ಮೇಲಾಗೈತೆ. ಇನ್ನೆರಡು ತಿಂಗಳು ಬಿಟ್ರೆ ಇಲಿ ಕೊಬ್ಬರಿ ತಿಂದು ನಿಮಗೆ ಕರಟ ಬಿಡ್ತದೆ."

"ನನ್ನ ಅಟ್ಟದ ಕಾಯಿ ನನಗೆ ಗೊತ್ತಿಲ್ವಾ?"

"ಕೇಳಿ ನೋಡಿ."

ರಮಾ ಮೇಲಿನಿಂದ ಒಂದು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಗುಡುಗುಡು. ಗುಡ್ಡೆಯ ಆಚೆ ಮಗ್ಗುಲಿನಿಂದ ಒಂದು, ತಳದಿಂದ ಒಂದು, ಹೀಗೆ ಹತ್ತು. ಒಂಬತ್ತು ಮಾತಾಡಿದವು, ಒಂದು ಸುಮ್ಮನಿತ್ತು. ಮಾತಾಡಿದ್ದೊಂದನ್ನು ಕೆಳಗೆ ಕೊಟ್ಟಳು. ಸುವರ್ಣಮ್ಮ ತಾವೂ ಕಿವಿಗೆ ಹಿಡಿದರು, ಮುಖ ಸಡಿಲಾಯಿತು, ಆದರೂ ಬಿಡಲಿಲ್ಲ. "ಒಡೀರಿ," ಎಂದರು.

ವ್ರತದ ಮಚ್ಚು ಕೆಲಸಕ್ಕೆ ಬಂತು. ದ್ಯಾವಮ್ಮ ಸಿಪ್ಪೆ ಬಿಡಿಸಿ ಕರಟಕ್ಕೆ ಹದವಾಗಿ ಎರಡು ಏಟು ಹಾಕಿದರು. ಇಡೀ ಕೊಬ್ಬರಿ, ಒಂದು ಚೂರೂ ಮುಕ್ಕಾಗದೆ, ಕಂದು ಚೆಂಡಿನಂತೆ ನೆಲಕ್ಕುರುಳಿ ನಂಜುಂಡಯ್ಯನವರ ಕಾಲಬಳಿ ನಿಂತಿತು. ಅವರು ಎತ್ತಿಕೊಂಡು ಮೂಸಿದರು. ಕಣ್ಣು ತುಂಬಿತು. ನಾಲ್ಕು ವರ್ಷ ಅವರ ಕೈಗೆ ಇದು ಸಿಕ್ಕಿರಲಿಲ್ಲ.

"ಅಳ್ತಾ ನಿಲ್ಬೇಡ, ಒರೆಸ್ಕೊ," ಎಂದರು ಸುವರ್ಣಮ್ಮ, ಮೆತ್ತಗೆ. ಆಮೇಲೆ ಬಾಗಿಲ ಕಡೆ ತಿರುಗಿ ಜೋರಾಗಿ, "ನಿಂತ್ಕಂಡು ನೋಡ್ತೀರೇನ್ರೇ? ಬುಟ್ಟಿ ತನ್ನಿ!"

ಅಟ್ಟ ಇಳಿಯತೊಡಗಿತು. ಮೇಲೆ ರಮಾ, ಏಣಿಯಲ್ಲಿ ದ್ಯಾವಮ್ಮ, ಕೆಳಗೆ ನಂಜುಂಡಯ್ಯ, ಅಲ್ಲಿಂದ ಅಂಗಳದವರೆಗೆ ಹೆಂಗಸರ ಸಾಲು. ಕಾಯಿ ಕೈಯಿಂದ ಕೈಗೆ ಹೋಗುತ್ತಿದ್ದಂತೆ ನಂಜುಂಡಯ್ಯ ಲೆಕ್ಕ ಹಿಡಿದರು. ಒಂದು ಎನ್ನದೆ "ಲಾಭ" ಎಂದು ಶುರುಮಾಡಿ, ಎರಡು, ಮೂರು ಎಂದು ರಾಗವಾಗಿ ಎಳೆಯುತ್ತ ಹೋದರು. ಸಾಲು ತಾನಾಗಿ ದನಿಗೂಡಿಸಿತು. ಪ್ರತಿ ನೂರಕ್ಕೂ ಮತ್ತೆ "ಲಾಭ" ಬಂದಾಗ ಬೀದಿಯೆಲ್ಲ ಒಟ್ಟಿಗೆ ಕೂಗುತ್ತಿತ್ತು. ನಡುವೆ ಯಾರೋ ಬೆಲ್ಲ ತಂದರು. ಒಡೆದ ಕೊಬ್ಬರಿಯ ಒಂದೊಂದು ಚೂರು ಎಲ್ಲರ ಬಾಯಿಗೂ ಬಂತು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಟ್ಟದಲ್ಲಿ ಗಳುಗಳು ಮಾತ್ರ ಉಳಿದವು. ರಮಾ ಇಳಿದು, ತಲೆಯ ಮೇಲಿನ ನಾರು ಕೊಡವಿ, ಜಗಲಿಯಲ್ಲಿ ಕೂತು ಬರೆದಳು. ಒಂದೊಂದನ್ನೂ ಜೋರಾಗಿ ಓದಿ ಹೇಳಿದಳು. ಅಟ್ಟ ಒಂದು ವರ್ಷ ಖಾಲಿ ಇರಬೇಕು. ಇಳಿಸಿದ ಕಾಯಿ ಮಂಡಿಗೆ, ಮುಂದಿನದು ದ್ಯಾವಮ್ಮನ ಅಟ್ಟದಲ್ಲಿ. ಮಚ್ಚು, ಬೆಂಕಿಪೊಟ್ಟಣ ಸುವರ್ಣಮ್ಮನ ಕೈಯಲ್ಲಿ. ಮನಸ್ಸು ಕೆಟ್ಟ ದಿನ ನಂಜುಂಡಯ್ಯ ಫೋನ್ ಮಾಡಬೇಕು, ಅವರು ಮಾಡದಿದ್ದರೆ ಸುವರ್ಣಮ್ಮ. ಹದಿನೈದು ದಿನಕ್ಕೊಮ್ಮೆ ರಮಾ ಬರುತ್ತಾಳೆ, ಹೇಳದೆ.

"ಹೇಳ್ದೆ ಬಾ," ಎಂದರು ಸುವರ್ಣಮ್ಮ. "ಹೇಳಿ ಬಂದ್ರೆ ಈ ದ್ಯಾವಿ ಮತ್ತೆ ಸಿಲಿಂಡರ್ ಉರುಳಿಸ್ತಾಳೆ."

ಕೆಳಗೆ 'ಯೋಗ್ಯ' ಎಂದು ಬರೆದು ರಮಾ ಸಹಿ ಹಾಕಿದಳು. ಹಾಳೆಯನ್ನು ತಿರುಗಿಸಿ ನಂಜುಂಡಯ್ಯನವರಿಗೆ ತೋರಿಸಿದಳು. ಅವರು ಆ ಒಂದು ಪದವನ್ನು ಬಹಳ ಹೊತ್ತು ಓದಿದರು.

"ಸರಿ, ಓದಿದ್ದು ಸಾಕು," ಎಂದು ಸುವರ್ಣಮ್ಮ ಒಳಗಿನಿಂದ ಕೇಳಿದರು. "ಎಷ್ಟು ಮುದ್ದೆ ತಿಂತೀಯ?"

"ಒಂದೂವರೆ ಅಮ್ಮಾರೆ."

"ಅರ್ಧ ಕಟ್ಟೋದು ನಂಗೆ ಬರಲ್ಲ."

"ಹಂಗಾರೆ ಎರಡು ಹಾಕಿ."

"ನೀನೆಷ್ಟವ್ವ?"

ರಮಾ ಆಟೊದವನ ನಂಬರು ಹುಡುಕುತ್ತಿದ್ದವಳು ಫೋನನ್ನು ಚೀಲಕ್ಕೆ ಹಾಕಿದಳು. "ನಂಗೊಂದು," ಎಂದು ಕೈತೊಳೆಯಲು ಹಿತ್ತಲಿಗೆ ಹೋದಳು. ನಂಜುಂಡಯ್ಯ ಆಗಲೇ ಅಲ್ಲಿ ಬಾವಿಗೆ ಹಗ್ಗ ಕಟ್ಟುತ್ತಿದ್ದರು.