ಏಳು ಪಾಯಿಂಟ್ ಒಂದು

ಹಿಮೋಗ್ಲೋಬಿನ್ ಏಳು ಪಾಯಿಂಟ್ ಒಂದು. ಮೂರು ವರ್ಷಗಳಲ್ಲಿ ಅದು ಒಂಬತ್ತಕ್ಕೆ ಏರಿ ಮತ್ತೆ ಇಳಿಯುವುದನ್ನು ನಾಲ್ಕು ಸಲ ನೋಡಿದ್ದೆ. ಕಬ್ಬಿಣದ ಮಾತ್ರೆ ನುಂಗಿದ್ದೆ, ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ ಎಂದು ಡಾಕ್ಟರು ಕೇಳಿದಾಗ ಎಷ್ಟಾದರೆ ಜಾಸ್ತಿ ಎಂಬುದು ನನಗೆ ಗೊತ್ತಿರಲಿಲ್ಲ. ಇರಬಹುದು ಎಂದೆ. ಸ್ಕ್ಯಾನಿನಲ್ಲಿ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಕಡಲೆಕಾಳಿನಷ್ಟು ಗಡ್ಡೆ ಕಾಣಿಸಿತು. ಶುಕ್ರವಾರ ಗರ್ಭಕೋಶವನ್ನೇ ತೆಗೆಯುವುದೆಂದು ತೀರ್ಮಾನವಾಯಿತು. ನನಗೆ ಮೂವತ್ತಮೂರು. ಮಕ್ಕಳಿಲ್ಲ.

'ನಿನ್ನ ಜೀವ ಮುಖ್ಯ' ಎಂದ ಗಂಡ, ಟಿವಿಯ ಸದ್ದು ಸ್ವಲ್ಪ ಕಡಿಮೆ ಮಾಡಿ. ಹೌದು ಎಂದೆ.

ಆಪರೇಷನ್‌ಗೆ ಮುಂಚೆ ರಕ್ತ ಏರಿಸಬೇಕಿತ್ತು. ಬುಧವಾರ ಆಸ್ಪತ್ರೆಗೆ ಹೋಗಿ ಮಲಗಿದೆ. ವಯಸ್ಸಾದ ನರ್ಸ್ ಒಬ್ಬರು ನನ್ನ ಮುಂಗೈ ತಟ್ಟಿ ತಟ್ಟಿ ನರ ಹುಡುಕುತ್ತಿದ್ದರು. ಸೂಜಿಗೆ ಹೆದರಿ ರೋಗಿಗಳು ಕೈ ಎಳೆದುಕೊಳ್ಳದಿರಲೆಂದು ಅವರನ್ನು ಮಾತಿಗೆಳೆಯುವುದು ಆಕೆಯ ರೂಢಿ.

'ಬೆಳಗ್ಗೆ ಎದ್ದಾಗಿಂದ ಏನೇನು ಮಾಡ್ತೀಯ, ಹೇಳಮ್ಮ.'

ಹೇಳಿದೆ. ಎಂಟಕ್ಕೆ ಬಟ್ಟೆ ಕಾರ್ಖಾನೆ. ನನ್ನದು ಕಾಲರ್ ಹೊಲಿಯುವ ಸಾಲು, ದಿನಕ್ಕೆ ನಾನೂರು ಕಾಲರ್. ಹತ್ತಕ್ಕೆ ನಮ್ಮ ಮೇಲ್ವಿಚಾರಕಿ ಗಂಟೆ ಬಾರಿಸುತ್ತಾಳೆ. ಅದಕ್ಕೇ ಅವಳು ಗಂಟೆಯಕ್ಕ. ಟೀ ಬರುತ್ತದೆ, ಜೊತೆಗೆ ಒಂದು ಮಾತ್ರೆ. ಮತ್ತೆ ಮಷೀನು.

ತಟ್ಟುವುದು ನಿಂತಿತು. 'ಯಾವ ಮಾತ್ರೆ?'

'ಬೆನ್ನುನೋವಿಗೆ.'

'ಬೇರೆ ಯಾವ ಮಾತ್ರೆನೂ ತಗೊಳ್ಳಲ್ಲ ಅಂತ ಬರೆಸಿದ್ದೀಯಲ್ಲ?'

'ಅದು ನಾನು ತಗೊಳ್ಳೋದಲ್ಲ ಸಿಸ್ಟರ್. ಸಾಲಿಗೆಲ್ಲ ಕೊಡ್ತಾರೆ. ಟೀ ಜೊತೆ.'

'ಎಷ್ಟು ದಿನದಿಂದ?'

'ಕಾಲರ್‌ಗೆ ಹಾಕಿದಾಗಿಂದ. ನಾಲ್ಕು ವರ್ಷ ಆಯ್ತು.'

'ಅಷ್ಟೊತ್ತಿಗೆ ಹೊಟ್ಟೆಗೇನಾದ್ರೂ ಬಿದ್ದಿರುತ್ತಾ?'

'ಊಟ ಒಂದೂವರೆಗೆ.'

ಆಕೆ ಸ್ಟೂಲ್ ಎಳೆದುಕೊಂಡು ಕೂತರು. 'ಕಕ್ಕಸಿಗೆ ಕಪ್ಪಗೆ ಹೋಗುತ್ತಾ?'

'ಕಬ್ಬಿಣದ ಮಾತ್ರೆಗೆ ಹಾಗಾಗುತ್ತೆ ಅಂದಿದ್ರು.'

'ಅದನ್ನ ನಿಲ್ಲಿಸಿದಾಗ?'

ಇದನ್ನು ಯಾರೂ ಕೇಳಿರಲಿಲ್ಲ. ನೆನಪು ಮಾಡಿಕೊಂಡೆ. 'ಆಗಲೂ ಕಪ್ಪಗೇ.'

'ನಿಮ್ಮ ಗಂಟೆಯಕ್ಕ ತಾನೂ ನುಂಗ್ತಾಳಾ, ಇಲ್ಲ ನಿಮಗೆ ಮಾತ್ರ ದಾನಾನಾ?'

'ಅವಳು ಎರಡು ನುಂಗ್ತಾಳೆ.'

ಆಕೆ ಎದ್ದು ಡಾಕ್ಟರ ಕೋಣೆಗೆ ಹೋದರು. ಆಮೇಲೆ ಬಂದು, ರಕ್ತದ ಚೀಲ ನೇತುಹಾಕಿ, ಒಂದೇ ಸಲಕ್ಕೆ ಸೂಜಿ ಚುಚ್ಚಿದರು.

ಗುರುವಾರ ಗಂಟಲೊಳಗೆ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ನನ್ನ ಹೊಟ್ಟೆ, ಒದ್ದೆಯಾದ ಗುಲಾಬಿ ಬಣ್ಣದ ಚೀಲ. ಅದರಲ್ಲಿ ಎರಡು ಹುಣ್ಣು. ಒಂದರಿಂದ ರಕ್ತ ಜಿನುಗುತ್ತಿತ್ತು, ಯಾವ ಅವಸರವೂ ಇಲ್ಲದೆ. ಬೇರೆ ಯಾರದೋ ಹೊಟ್ಟೆಯೆಂಬಂತೆ ನೋಡಿದೆ.

'ಗಡ್ಡೆ ಪಾಪ, ಅದರ ಪಾಡಿಗೆ ಅದಿದೆ' ಎಂದರು ಡಾಕ್ಟರು, ಆಪರೇಷನ್ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟೆಳೆಯುತ್ತ. 'ಗರ್ಭಕೋಶ ಇರಲಿ ಬಿಡಿ. ಹುಣ್ಣಿಗೆ ಔಷಧಿ ಕೊಡ್ತೀನಿ. ನೋವಿನ ಮಾತ್ರೆ ಮಾತ್ರ ಮುಟ್ಟಬೇಡಿ.'

'ಬೆನ್ನು ನೋಯುತ್ತಲ್ಲ?'

'ಬೆನ್ನಿಗೆ ಸ್ವಲ್ಪ ರೆಸ್ಟ್ ಕೊಡಿ.'

ಮನೆಗೆ ಬಂದರೆ ಅಣ್ಣನ ಹೆಂಡತಿ, ನನ್ನ ಅತ್ತಿಗೆ, ನನ್ನ ಆರೈಕೆಗೆಂದು ಬಟ್ಟೆ ತುಂಬಿದ ಚೀಲದೊಂದಿಗೆ ಬಂದಿಳಿದಿದ್ದರು. ಕಿಟಕಿಯ ಪಕ್ಕಕ್ಕೆ ಮಂಚ ಎಳೆದು ಒಗೆದ ಹೊದಿಕೆ ಹಾಸಿದ್ದರು. ಆಪರೇಷನ್ ಬೇಡವಂತೆ ಎಂದು ಹೇಳಿದೆ. ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನ ಕೆನ್ನೆ ಹಿಂಡಿದರು.

ನಾನು ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಉರುಳಿದೆ.

'ಯಾಕೇ, ಮುಖ ಹೀಗೆ? ಖುಷಿ ಇಲ್ವಾ?'

ನನ್ನೊಳಗೆ ಹುಡುಕಿ ನೋಡಿದೆ. ಸಿಕ್ಕಿದ್ದನ್ನೇ ಹೇಳಿದೆ. 'ಆಪರೇಷನ್‌ಗೆ ಅಂತ ಆರು ವಾರ ರಜೆ ಬರೆದುಕೊಟ್ಟಿದ್ರು, ಅತ್ತಿಗೆ. ಮಲಗಬಹುದಿತ್ತು.'

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೊದಿಕೆಯ ಅಂಚನ್ನು ಎರಡು ಸಲ ಸರಿಮಾಡಿದರು.

'ಕಾರ್ಖಾನೆಗೆ ಯಾವಾಗ?'

'ಸೋಮವಾರ.'

'ಅಲ್ಲಿವರೆಗೆ ಎದ್ದರೆ ಕಾಲು ಮುರೀತೀನಿ' ಎನ್ನುತ್ತ ಅತ್ತಿಗೆ ಬಗ್ಗಿ ನನ್ನ ಚಪ್ಪಲಿಗಳನ್ನು ಒಂದೊಂದಾಗಿ ಬಿಚ್ಚಿದರು.