ಸೆರಿಫೋಸಿನಲ್ಲಿ ಎರಡು ನಿಮಿಷ

ಕಾರು ಕೆಟ್ಟುಹೋಯಿತೆಂದು ಖುಷಿಪಟ್ಟ ಹೆಂಗಸು ಇಡೀ ಪಿರೇಯಸ್ ಬಂದರುಪಟ್ಟಣದಲ್ಲಿ ನಾನೊಬ್ಬಳೇ ಇರಬೇಕು. ಜುಲೈ ಕೊನೆಯಲ್ಲಿ ಅದರ ಗೇರ್‌ಬಾಕ್ಸ್ ಕೈಕೊಟ್ಟಿತು. ಸೆಪ್ಟೆಂಬರಿಗೆ ಮೊದಲು ಬಿಡಿಭಾಗ ಬರುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದಾಗ ನನ್ನ ಗಂಡ ಆರ್ಗಿರಿಸ್ ಹೆಣದ ಮುಂದೆ ನಿಂತವನಂತೆ ಮುಖ ಮಾಡಿದ. ನಾನು ಬೇರೆ ಕಡೆ ತಿರುಗಿಕೊಂಡೆ. ನಗು ತಡೆಯಲು ಆಗುತ್ತಿರಲಿಲ್ಲ.

ಆ ಕಾರನ್ನು ನಮ್ಮದು ಎನ್ನುವುದೇ ದೊಡ್ಡ ಸುಳ್ಳು. ಆಗಸ್ಟ್ ಬಂತೆಂದರೆ ಅದು ಅತ್ತೆಮನೆಯ ಹೇಸರಗತ್ತೆ. ಅಕ್ಕಿ ಮೂಟೆ, ಪ್ಲಾಸ್ಟಿಕ್ ಕುರ್ಚಿಗಳು, ಫ್ಯಾನು, ಮೈದುನನ ನೀರಿನ ಪಂಪು, ಎಲ್ಲವನ್ನೂ ಹೊಟ್ಟೆಗೆ ತುಂಬಿಕೊಂಡು ಹಡಗು ಹತ್ತಿ ಅತ್ತೆಯ ಊರಾದ ಸೆರಿಫೋಸ್ ದ್ವೀಪದಲ್ಲಿ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ಕ್ಲಿಯೋ ಈರುಳ್ಳಿ ಚೀಲದ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಇದಕ್ಕೆ ನಮ್ಮ ಮನೆಯಲ್ಲಿ ರಜೆ ಎಂದು ಹೆಸರು.

ಆಗಸ್ಟ್ ಹದಿನೈದು ದೇವಮಾತೆಯ ದಿನ. ಆಕೆಯ ಹೆಸರುಗಳನ್ನು ಇಟ್ಟುಕೊಂಡವರಿಗೆಲ್ಲ ಅವತ್ತು ಹೆಸರಿನ ಹಬ್ಬ, ಅತ್ತೆ ದೆಸ್ಪಿನಾಳಿಗೂ. ನಮ್ಮಲ್ಲಿ ಹೆಸರಿನ ಹಬ್ಬ ಯಾರದೋ ಅವರೇ ಬಂದವರಿಗೆ ಉಣ್ಣಿಸಬೇಕು. ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು, ಊರಿಗೆ ಊರೇ ಬರುತ್ತದೆ. ನನ್ನ ಹೆಸರು ಪನಯೋತಾ, ಕರೆಯುವುದು ಯೋತಾ ಎಂದು. ನನ್ನ ಹಬ್ಬವೂ ಅದೇ ದಿನ. ಇದು ಅವರಿಗೆಲ್ಲ ಎಷ್ಟು ಅನುಕೂಲ ನೋಡಿ! ಮಾಂಸದ ತಟ್ಟೆ ಹಿಡಿದು ನಾನು ಬೆವರು ಸುರಿಸುತ್ತ ಓಡಾಡುತ್ತಿದ್ದರೆ ಯಾವನೋ ಒಬ್ಬ ಚಿಕ್ಕಪ್ಪ ಕುರ್ಚಿಯಲ್ಲಿ ಒರಗಿಕೊಂಡೇ ಕೂಗುತ್ತಾನೆ: “ನಿಂದೂ ಹಬ್ಬ ಅಲ್ವೇನಮ್ಮಾ? ಬಡ್ಸು, ಬಡ್ಸು, ಕೈ ಹಿಡೀಬೇಡ!” ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ವರ್ಷವೆಲ್ಲ ಬೇಕರಿಯ ಕೌಂಟರಿನ ಹಿಂದೆ ನಿಂತೇ ದುಡಿಯುವವಳು ನಾನು. ನನಗೆ ಬೇಕಾಗಿದ್ದು ಇಷ್ಟೇ: ಒಂದು ವರ್ಷ, ಒಂದೇ ಒಂದು ವರ್ಷ, ನನ್ನ ಹಬ್ಬದ ದಿನ ನಾನು ಕುರ್ಚಿಯಲ್ಲಿ ಕುಳಿತಿರಬೇಕು, ಬೇರೆ ಯಾರೋ ತಟ್ಟೆ ತಂದು ನನ್ನ ಮುಂದಿಡಬೇಕು. ಹೋಟೆಲಿನ ದುಡ್ಡು ನಾನೇ ಕೊಡುತ್ತೇನೆ, ಗಂಡನಿಗೂ ಮಗಳಿಗೂ ನಾನೇ ಊಟ ಕೊಡಿಸುತ್ತೇನೆ. ಆದರೆ ಕುಳಿತು.

ಕಾರು ಕೆಟ್ಟ ದಿನವೇ ಸೆರಿಫೋಸಿನ ಆಚೆಯ ದ್ವೀಪಗಳಿಗೆ ಹೋಗುವ ಯೋಜನೆ ಹಾಕಿದೆ. ಸಿಫ್ನೋಸಿನಲ್ಲಿ ಎರಡು ರಾತ್ರಿ, ಕಿಮೊಲೋಸಿನಲ್ಲಿ ಒಂದು, ಮಿಲೋಸಿನಲ್ಲಿ ಒಂದು, ಅಲ್ಲಿಂದ ವಾಪಸ್ಸು. ಬಂದರಿನಿಂದ ಮೇಲಿನ ಊರಿಗೆ ಬಸ್ಸಿದೆ. ಬಸ್ಸಿಲ್ಲದಿದ್ದರೆ ಕಾಲಿದೆ. ಆಗಸ್ಟಿನ ಹಡಗಿನಲ್ಲಿ ಕಾರಿಗೆ ಜಾಗ ಸಿಗುವುದು ಕಷ್ಟ, ನಡೆದು ಹತ್ತುವವರಿಗೆ ಹೇಗೋ ಸಿಕ್ಕೇ ಸಿಗುತ್ತದೆ. ಒಬ್ಬೊಬ್ಬರಿಗೆ ಒಂದು ಚೀಲ. ಬೆನ್ನಿನ ಮೇಲೆ ಹೊರಲು ಆಗದ್ದು ಯಾವುದೂ ಬರುವಂತಿಲ್ಲ, ಮುಖ್ಯವಾಗಿ ಅಕ್ಕಿ ಮೂಟೆ. ಸಿಫ್ನೋಸನ್ನು ನಾನು ಪ್ರತಿ ವರ್ಷ ಅತ್ತೆಯ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಪಾತ್ರೆ ತಿಕ್ಕುವಾಗ ನೇರ ಎದುರಿಗೆ ಕಾಣುತ್ತದೆ. ಅಲ್ಲಿಗೆ ಹೋಗೋಣವೆಂದು ಎಷ್ಟು ಸಲ ಹೇಳಿದೆನೋ. “ಮುಂದಿನ ವರ್ಷ” ಎನ್ನುವುದು ಆರ್ಗಿರಿಸನ ಬಾಯಿಪಾಠ.

ಊಟದ ಮೇಜಿನ ಮೇಲೆ ಹಡಗಿನ ವೇಳಾಪಟ್ಟಿ ಹರಡಿದೆ. ಅವನು ಫೋರ್ಕಿನ ಹಿಡಿಯಿಂದ ಅದನ್ನು ಹೊರಳಿಸಿದ, ಮುಟ್ಟಿದರೆ ರೋಗ ಬರುತ್ತದೆ ಎಂಬಂತೆ.

“ಕಾರಿಲ್ದೆ ಎಲ್ಲಿಗೆ ಹೋಗೋದು, ಯೋತಾ? ಮಗು ಬೇರೆ ಇದೆ.”

“ಮಗೂಗೆ ಹನ್ನೆರಡು ವರ್ಷ,” ಎಂದಳು ಕ್ಲಿಯೋ. “ನಿಮಗಿಂತ ಜೋರಾಗಿ ನಡೀತೀನಿ.”

“ಅದಲ್ಲ. ಅಮ್ಮಂಗೆ ಏನಂತ ಹೇಳ್ಲಿ?”

“ನಿಜ ಹೇಳು. ಈ ವರ್ಷ ನಾವು ಬರಲ್ಲ ಅಂತ ಹೇಳು.”

“ಅಯ್ಯೋ, ಎದೆ ಒಡ್ಕೊಂಬಿಡ್ತಾಳೆ. ಯೋತಾ ಇಲ್ದೆ ಹಬ್ಬಾನೇ ಇಲ್ಲ ಅಂತಾಳೆ ಅವಳು. ನಿಂಗೊತ್ತಿಲ್ಲ.”

ನನಗೆ ಗೊತ್ತಿರಲಿಲ್ಲ, ನಿಜ. ಅತ್ತೆಗೂ ನನಗೂ ನೇರ ಮಾತು ಕಡಿಮೆ. ಆಕೆಯ ಸೆಟೆದ ಬೆನ್ನು ಕಂಡರೆ ನನಗೆ ಸಿಡುಕು, ನನ್ನ ಪಟ್ಟಣದ ಮಾತು ಕೇಳಿದರೆ ಆಕೆಗೆ ಬಿಗುಮಾನ. ದಿನಾ ಸಂಜೆ ಆರ್ಗಿರಿಸ್ ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚಿ ತಾಯಿಗೆ ಫೋನ್ ಮಾಡುತ್ತಾನೆ. ಆಮೇಲೆ ಒಳಗೆ ಬಂದು ಆಕೆ ಏನೆಂದಳೆಂದು ನನಗೆ ಹೇಳುತ್ತಾನೆ. ಅವಳಿಗೆ ಬೇಸರವಾಯಿತು, ಅವಳಿಗೆ ಕಣ್ಣೀರು ಬಂತು, ಅವಳು ನಿನ್ನನ್ನೇ ನಂಬಿದ್ದಾಳೆ. ಆ ಮುದುಕಿಗೆ ನನ್ನ ಎರಡು ಕೈಗಳ ಮೇಲೆ ಅದೆಷ್ಟು ಹಕ್ಕು!

ನಾವು ಕಾರಿಲ್ಲದೆ ಚೀಲ ಹೊತ್ತು ಸುತ್ತಲು ಹೊರಟ ಸುದ್ದಿ ಎರಡು ದಿನದಲ್ಲಿ ದ್ವೀಪದ ತುಂಬ ಹರಡಿತು. ಮೈದುನ ಸ್ತಮಾತಿಸ್ ಫೋನ್ ಮಾಡಿದ. ಹಲೋ ಸಹ ಹೇಳದೆ ಶುರುಮಾಡಿದ.

“ಅತ್ತಿಗೆ, ಇದೇನಿದು? ಫಾರಿನ್ನೋರ ಥರ ಬೆನ್ನಿಗೆ ಚೀಲ ಕಟ್ಕೊಂಡು ಬಸ್‌ಸ್ಟಾಪಲ್ಲಿ ನಿಲ್ತೀರಾ? ನಮ್ಮ ಮರ್ಯಾದೆ ಏನಾಗ್ಬೇಕು? ಇಲ್ಲಿ ಇಳಿದ್ಮೇಲೆ ನನ್ನ ಪಿಕಪ್ ತಗೊಂಡ್ಹೋಗಿ. ಎಲ್ಲಿ ಬೇಕಾದ್ರೂ ಸುತ್ತಾಡಿ.”

“ಬೇಡಪ್ಪ. ನಮಗೆ ಕಾಲಿದೆ.”

“ಸುಮ್ನೆ ಸಂಕೋಚ ಪಟ್ಕೋಬೇಡಿ.”

ಸಂಕೋಚವಂತೆ! ಪಿಕಪ್ ಬೇಕಾದರೆ ಸೆರಿಫೋಸಿನಲ್ಲಿ ಇಳಿಯಬೇಕು. ಇಳಿದರೆ ಒಂದು ಕಾಫಿ. ಕಾಫಿಯಾದ ಮೇಲೆ ‘ಹೇಗೂ ಬಂದಿದೀಯಲ್ಲ, ಈ ದ್ರಾಕ್ಷಿ ಎಲೆಗೆ ಸ್ವಲ್ಪ ಅನ್ನ ತುಂಬಿಕೊಡು’. ಆಮೇಲೆ ನನ್ನನ್ನು ಆ ಅಡುಗೆಮನೆಯಿಂದ ಹೊರಗೆಳೆಯಲು ಕ್ರೇನು ತರಿಸಬೇಕು. ನನ್ನ ಜೀವನದಲ್ಲಿ ಯಾರೇ ಕಾರು ಕೊಡುತ್ತೇನೆ ಎಂದರೂ ಡಿಕ್ಕಿಯಲ್ಲಿ ಏನನ್ನೋ ಹೊರಿಸುವುದಕ್ಕೇ ಎಂದು ನನಗೆ ಗೊತ್ತಾಗಿಬಿಟ್ಟಿದೆ.

ಅವತ್ತು ಆರ್ಗಿರಿಸನ ಎದುರು ನಾನು ಮೇಜು ಗುದ್ದಿದೆ. ಲೋಟ ಉರುಳಿತು.

“ಕೇಳಿಸ್ಕೋ. ಸಿಫ್ನೋಸಿಗೆ ಟಿಕೆಟ್ ತಗೋತೀನಿ. ಬರೋದಾದ್ರೆ ಬಾ, ಇಲ್ದಿದ್ರೆ ನಾನೂ ಮಗಳೂ ಹೋಗ್ತೀವಿ. ಸೆರಿಫೋಸಲ್ಲಿ ನನ್ನ ಕಾಲು ನೆಲಕ್ಕೆ ತಾಗಲ್ಲ.”

ಅವನು ಲೋಟ ಎತ್ತಿ ನೆಟ್ಟಗಿಟ್ಟ. ಆಮೇಲೆ ಮೃದುವಾಗಿ ಅಂದ: “ಆಯ್ತಮ್ಮ. ನೀನು ಹೇಳ್ದಂಗೇ ಆಗ್ಲಿ. ಹಡಗು ಹೇಗೂ ಅಲ್ಲಿ ನಿಲ್ಲುತ್ತೆ. ಅಮ್ಮ ಬಂದರಿಗೆ ಬರ್ತಾಳೆ, ಎರಡು ನಿಮಿಷ ಮುಖ ತೋರ್ಸಿಬಿಡ್ತೀನಿ. ಅಷ್ಟೇ.”

ನಾನು ಗೆದ್ದೆ ಎಂದುಕೊಂಡೆ. ಬೆಪ್ಪುತಕ್ಕಡಿ ನಾನು.

ಹದಿಮೂರನೇ ತಾರೀಕು ಬೆಳಿಗ್ಗೆ ಹೊರಟೆವು. ಹಡಗಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಯಿಗಳು, ಅಜ್ಜಿಯರು, ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳು. ನಾವು ಮೂರು ಚೀಲಗಳೊಂದಿಗೆ ಮೇಲಿನ ಅಂತಸ್ತಿನ ಬೆಂಚು ಹಿಡಿದೆವು. ಗಾಳಿ ಜೋರಾಗಿತ್ತು. ತಣ್ಣನೆಯ ಕಾಫಿ ಹೀರುತ್ತ ನಾನು ಕಾಲು ಚಾಚಿದೆ. ನಿಜ ಹೇಳುತ್ತೇನೆ, ಅವತ್ತು ನನ್ನ ಗಂಡನನ್ನು ನೋಡಿ ಪ್ರೀತಿ ಬಂತು. ನನಗಾಗಿ ಒಂದು ಸಲವಾದರೂ ತಾಯಿಗೆ ಇಲ್ಲ ಎಂದನಲ್ಲ ಎಂದು.

ಕಿಥ್ನೋಸ್ ದ್ವೀಪ ದಾಟಿದ ಮೇಲೆ ಧ್ವನಿವರ್ಧಕ ಕೂಗಿತು: ಸೆರಿಫೋಸಿನಲ್ಲಿ ಇಳಿಯುವವರು ಕೆಳಗಿನ ಅಂತಸ್ತಿಗೆ ಬನ್ನಿ. ಆರ್ಗಿರಿಸ್ ಎದ್ದ. ಒಂದು ಚೀಲ ಬೆನ್ನಿಗೆ ಹಾಕಿದ, ಒಂದು ಹೆಗಲಿಗೆ, ಇನ್ನೊಂದನ್ನು ಕೈಯಲ್ಲಿ ಹಿಡಿದ.

“ಎರಡು ನಿಮಿಷಕ್ಕೆ ಚೀಲ ಯಾಕೆ?” ಎಂದೆ.

“ಇಲ್ಲಿ ಬಿಟ್ರೆ ಯಾರಾದ್ರೂ ಹೊಡ್ಕೊಂಡ್ಹೋಗ್ತಾರೆ.”

“ನಾನಿಲ್ಲೇ ಕೂತಿರ್ತೀನಲ್ಲ?”

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ. ಆ ಬೆನ್ನು ನೋಡಿದಾಗಲೇ ನನಗೆ ಎಲ್ಲ ಅರ್ಥವಾಯಿತು. ಕ್ಲಿಯೋಳ ಕೈ ಹಿಡಿದು ಅವನ ಹಿಂದೆ ಓಡಿದೆ. ಕೆಳಗೆ ಕಾರುಗಳು ಎಂಜಿನ್ ಶುರುಮಾಡಿ ಹೊಗೆ ಕಾರುತ್ತಿದ್ದವು. ಆ ಗದ್ದಲದಲ್ಲಿ ಅವನ ಶರ್ಟು ಹಿಡಿದೆಳೆದೆ.

“ಇಳೀಬೇಕು ಅಂತ ಮೊದ್ಲೇ ಮಾಡಿದ್ಯಾ?”

“ಕೂಗಾಡ್ಬೇಡ, ಜನ ನೋಡ್ತಾರೆ. ಹಬ್ಬ ಮುಗಿಸ್ಕೊಂಡು ಹದಿನಾರಕ್ಕೆ ಸಿಫ್ನೋಸಿಗೆ ಹೋಗೋಣ. ಇಳಿದ್ಮೇಲೆ ನೀನೇ ಒಪ್ಕೋತೀಯ ಅಂದ್ಕೊಂಡೆ.”

“ನೋಡ್ಲಿ! ಜನ ನೋಡ್ಲಿ!” ಎಂದು ಅರಚಿದೆ. ಅಷ್ಟರಲ್ಲಿ ಹಡಗಿನ ಬಾಗಿಲು ಸೇತುವೆಯಂತೆ ಕೆಳಗಿಳಿಯಿತು. ಬಿಸಿಲು ಕಣ್ಣಿಗೆ ಹೊಡೆಯಿತು, ಹಿಂದಿನ ಜನ ನಮ್ಮನ್ನು ದಡಕ್ಕೆ ನೂಕಿದರು. ಎದುರಿಗೆ ಸ್ತಮಾತಿಸನ ಪಿಕಪ್ ನಿಂತಿತ್ತು, ಅದರ ಪಕ್ಕದಲ್ಲಿ ಕಪ್ಪು ಉಡುಪಿನಲ್ಲಿ, ಕೋಲು ಊರಿಕೊಂಡು, ನನ್ನ ಅತ್ತೆ.

ಆಕೆಯ ಮುಖದಲ್ಲಿ ಸಂತೋಷವಿರಲಿಲ್ಲ. ನನಗಿಂತ ಸಿಟ್ಟಿನಲ್ಲಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೋಲು ನೆಲಕ್ಕೆ ಕುಟ್ಟಿದಳು.

“ಬಂದ್ಯಾ? ಈಗ ಸಮಾಧಾನ ಆಯ್ತಾ ನಿಂಗೆ? ಮೊಣಕಾಲು ನೋಡಿಲ್ಲಿ, ಕುಂಬಳಕಾಯಿ ಆಗಿದೆ. ನಿನ್ನ ಹಠಕ್ಕೆ ಎರಡು ಆಡು ಕೊಯ್ಸಿದೀನಿ.”

“ನನ್ನ ಹಠಾನಾ?”

“ಮತ್ತಿನ್ಯಾರ್ದು? ಈಸ್ಟರಲ್ಲೇ ಇವನಿಗೆ ಹೇಳಿದ್ದೆ, ಈ ವರ್ಷ ನನ್ನ ಕೈಲಾಗಲ್ಲ, ಬಾಗ್ಲು ಹಾಕ್ಕೊಂಡು ತಂಗಿ ಮನೇಗೆ ಹೋಗ್ತೀನಿ ಅಂತ. ಹೋದ ವರ್ಷಾನೂ ಹೇಳಿದ್ದೆ. ಹಾಗೆ ಮಾಡ್ಬೇಡಮ್ಮಾ ಅಂದ. ಯೋತಾ ವರ್ಷವೆಲ್ಲ ಈ ಹಬ್ಬಕ್ಕೇ ಕಾಯ್ತಾಳೆ, ಅಪ್ಪ ಅಮ್ಮ ಇಲ್ದಿರೋ ಹುಡುಗಿ, ಅವಳ ಹೆಸರಿನ ಹಬ್ಬಾನೂ ಅದೇ ದಿನ, ನಿನ್ನ ಮನೆ ಬಿಟ್ರೆ ಅವಳಿಗೆ ಯಾರಿದಾರೆ ಅಂದ. ನಾನೇನು ಕಲ್ಲಾ?”

ನನ್ನ ಅಪ್ಪ, ನನ್ನ ಅಮ್ಮ. ಸತ್ತುಹೋದ ಅವರಿಬ್ಬರನ್ನೂ ಇವನು ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತ ಬಳಸಿಕೊಂಡಿದ್ದ. ಯಾತಕ್ಕೆ? ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದರಿನ ಕಾಫಿ ಅಂಗಡಿಯಲ್ಲಿ ಹಳೇ ಗೆಳೆಯರ ಜೊತೆ ಪಗಡೆ ಆಡಲು, ಹಸಿವಾದಾಗ ಮೇಲೆ ಬಂದು ಬಿಸಿ ಬಿಸಿ ಆಡಿನ ಮಾಂಸ ತಿನ್ನಲು. ಅಷ್ಟಕ್ಕೇ. ಅಷ್ಟು ಸಣ್ಣದಕ್ಕೆ!

“ಅತ್ತೆ,” ಎಂದೆ. “ನಾನು ಬರಲ್ಲ ಅಂದ್ರೆ ನೀವು ಎದೆ ಒಡ್ಕೋತೀರ ಅಂದ ನಂಗೆ. ಯೋತಾ ಇಲ್ದೆ ಹಬ್ಬಾನೇ ಇಲ್ಲ ಅಂದ್ರಂತೆ ನೀವು.”

ಆಕೆ ನಿಧಾನವಾಗಿ ಮಗನ ಕಡೆ ತಿರುಗಿದಳು. ಮೂರು ಚೀಲ ಹೊತ್ತುಕೊಂಡು ನಿಂತಿದ್ದ ಅವನು ಹಲ್ಲು ಗಿಂಜಿದ.

“ಅಮ್ಮಾ, ಇಬ್ರಿಗೂ ಬೇಜಾರಾಗ್ಬಾರ್ದು ಅಂತ…”

“ಮುಚ್ಚು ಬಾಯಿ!” ಎಂದೆವು ಇಬ್ಬರೂ ಒಟ್ಟಿಗೇ.

ಕಾರುಗಳೆಲ್ಲ ಇಳಿದಿದ್ದವು. ಹಡಗಿನ ಕೆಲಸದವನು ಶಿಳ್ಳೆ ಊದಿ ಕೈಬೀಸಿದ. ನಾನು ಅತ್ತೆಯನ್ನು ನೋಡಿದೆ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡು ಬೆಂದಿದ್ದೆವು.

“ನೀವು ಒಂದ್ಸಲ ನನ್ನನ್ನೇ ಕೇಳ್ಬಹುದಿತ್ತು,” ಎಂದೆ. ಆಕೆಯ ಮೇಲಿನ ಸಿಟ್ಟು ಹೋಗಿರಲಿಲ್ಲ.

“ನೀನೂ ಕೇಳ್ಬಹುದಿತ್ತು,” ಎಂದಳು ಆಕೆ, ಅಷ್ಟೇ ಕಟುವಾಗಿ. ಆಮೇಲೆ ಕೋಲಿನಿಂದ ಹಡಗನ್ನು ತೋರಿಸಿದಳು. “ಹೋಗು. ನಿಂತ್ಕೋಬೇಡ. ಹೋಗು ಅಂದ್ನಲ್ಲ!”

“ನೀವೂ ಬನ್ನಿ.”

“ನಾಡಿದ್ದು ಊರೆಲ್ಲ ಬರುತ್ತೆ. ಬಾಗ್ಲು ಹಾಕೋಕಾಗುತ್ತಾ ಈಗ?”

ನಾನು ಕ್ಲಿಯೋಳ ಕೈ ಹಿಡಿದು ಹತ್ತಿದೆ. ನನ್ನ ಹತ್ತಿರ ಕೈಚೀಲವೊಂದೇ ಇತ್ತು. ಆರ್ಗಿರಿಸ್ ಚೀಲಗಳ ಸಮೇತ ಹಿಂದೆಯೇ ಓಡಿಬರಲು ನೋಡಿದ. ಅತ್ತೆ ಅವನ ತೋಳು ಹಿಡಿದಳು. ಆ ಮೊಣಕಾಲಿಟ್ಟುಕೊಂಡು ಅಷ್ಟು ಬಲ ಎಲ್ಲಿಂದ ಬಂತೋ.

“ನೀನೆಲ್ಲಿಗೋ? ಹಬ್ಬ ಬೇಕಿದ್ದು ನಿಂಗೆ. ಎರಡು ಆಡು ನೇತಾಕಿದೆ ಮನೇಲಿ, ಕತ್ತರಿಸೋರಿಲ್ಲ. ಸ್ತಮಾತಿ, ಇವನನ್ನ ಗಾಡಿಗೆ ಹತ್ಸು!”

“ಯೋತಾ! ಯೋತಾ, ಇದೇನು ಚಂದಾನಾ? ಜನ ಏನಂತಾರೆ?” ಅವನ ಕೂಗು ಸರಪಳಿಯ ಸದ್ದಿನಲ್ಲಿ ಮುಳುಗಿತು. ಬಾಗಿಲು ಮೇಲೇರಿತು. ಕೊನೆಗೆ ಕಂಡದ್ದು ಪಿಕಪ್ಪಿನ ಹಿಂಭಾಗದಲ್ಲಿ ಮೈದುನನ ನೀರಿನ ಪಂಪಿನ ಪಕ್ಕ ಕುಳಿತ ನನ್ನ ಗಂಡ.

ಮೇಲೆ ಬಂದು ಅದೇ ಬೆಂಚಿನಲ್ಲಿ ಕುಳಿತೆವು. ಅವನಿಗೆ ಹೇಳಬೇಕಿದ್ದ ಮಾತುಗಳೆಲ್ಲ ಈಗ ಒಂದೊಂದಾಗಿ ನೆನಪಾಗಿ, ಸಮುದ್ರಕ್ಕೆ ಕೇಳುವಂತೆ ಬೈಯುತ್ತಿದ್ದೆ. ಪಕ್ಕದ ಬೆಂಚಿನ ಹೆಂಗಸು ನಾಯಿಯನ್ನು ಹತ್ತಿರ ಎಳೆದುಕೊಂಡಳು. ಕ್ಲಿಯೋ ನನ್ನ ತೋಳು ಜಗ್ಗಿದಳು.

“ಅಮ್ಮಾ, ನಿಂಗೆ ಅಜ್ಜಿ ಮನೆ ಹಬ್ಬ ಇಷ್ಟಾನೇ ಇರ್ಲಿಲ್ವಾ?”

“ಒಂದು ದಿನಾನೂ ಇರ್ಲಿಲ್ಲ.”

“ನಾನು ಇಷ್ಟ ಅಂತಾನೇ ಅಂದ್ಕೊಂಡಿದ್ದೆ. ಅಜ್ಜಿಗೂ ಹಾಗೇ ಹೇಳಿದ್ದೆ.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಮತ್ತೆ ತಟ್ಟೆ ಹಿಡ್ಕೊಂಡು ಯಾಕೆ ಅಷ್ಟು ನಗ್ತಿದ್ದೆ?”

ಕೈಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಅದನ್ನು ತೆಗೆದು ಆಫ್ ಮಾಡಿದೆ.

“ಇನ್ಮೇಲೆ ನಗಲ್ಲ,” ಎಂದೆ ಮಗಳಿಗೆ.